ಮನೆಯಲ್ಲೇ ಆಯಿಲ್ ಕ್ಯಾಚ್ ಕ್ಯಾನ್: 1.3 ಡೀಸೆಲ್‌ಗೆ ಹೇಗೆ ಮಾಡಿಸುವುದು, ಮಾಡಿಸಲೇಬೇಕೇ?

ಖಾನಾಪುರ_ರಸ್ತೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಕಾರು 2013ರದು, 1248 ಸಿಸಿ ಟರ್ಬೊ ಡೀಸೆಲ್, 1,40,000 ಕಿ.ಮೀ. ದಾಟಿದೆ. ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹೋಗುವ ರಬ್ಬರ್ ಪೈಪನ್ನು ಬಿಚ್ಚಿಸಿದಾಗ ಒಳಗೆಲ್ಲ ಕಪ್ಪು ಜಿಡ್ಡು. ಪೈಪಿನ ತಗ್ಗಿನಲ್ಲಿ ಸ್ವಲ್ಪ ಆಯಿಲ್ ನಿಂತೇ ಇತ್ತು. ಒಬ್ಬ ಮಿಸ್ತ್ರಿ “ಟರ್ಬೊ ಮುಗಿಯಿತು” ಎಂದರು. ಇನ್ನೊಬ್ಬರು “ಇದು ಬ್ರೀದರ್ ಆಯಿಲ್, ಎಲ್ಲ ಡೀಸೆಲ್ ಗಾಡಿಗೂ ಇದ್ದದ್ದೇ, ಒರೆಸಿ ಹಾಕಿಕೊಳ್ಳಿ” ಎಂದರು. ಬ್ರೀದರ್ ಎಂದರೆ ಎಂಜಿನ್ ಒಳಗೆ ಸೇರಿದ ಅನಿಲ ಹೊರಹೋಗುವ ದಾರಿ. ಹೊಗೆ ಇಲ್ಲ, ಎಳೆತ ಕಡಿಮೆಯಾಗಿಲ್ಲ, ಒಂದು ಸರ್ವಿಸ್‌ನಿಂದ ಮತ್ತೊಂದು ಸರ್ವಿಸ್‌ವರೆಗೆ ಆಯಿಲ್ ಮಟ್ಟವೂ ಅಷ್ಟೇನೂ ಇಳಿಯುವುದಿಲ್ಲ.

ಬ್ರೀದರ್ ಪೈಪಿನ ನಡುವೆ ಕ್ಯಾಚ್ ಕ್ಯಾನ್ ಕೂರಿಸಿದರೆ ಈ ಆಯಿಲ್ ಅಲ್ಲೇ ನಿಲ್ಲುತ್ತದೆ ಎಂದು ಓದಿದ್ದೇನೆ. ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಅಗ್ಗದ್ದೊಂದನ್ನು ತರಿಸಿದ್ದ. ಮುಚ್ಚಳ ತೆಗೆದು ನೋಡಿದರೆ ಒಳಗೆ ಏನೂ ಇಲ್ಲ. ಬಣ್ಣ ಬಳಿದ ಖಾಲಿ ಡಬ್ಬಿ, ಎರಡು ತೂತು, ಅಷ್ಟೇ. ಅಂಥದ್ದನ್ನು ಕೊಳ್ಳುವ ಬದಲು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಾಡಿಸಿಕೊಳ್ಳುವ ಯೋಚನೆ. ಅಳತೆ, ಒಳಗಿನ ಜೋಡಣೆ, ಪೈಪ್ ಯಾವುದು, ಎಲ್ಲಿ ಕೂರಿಸಬೇಕು? ತಿಳಿದವರು ಹೇಳಿ.

ಡೀಸೆಲ್_ಕಾಕಾ (ಬೆಳಗಾವಿ)

ತಮ್ಮಾ, ಡಬ್ಬಿಯ ಮಾತು ಆಮೇಲೆ. ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡು. ಐಡ್ಲಿಂಗ್‌ನಲ್ಲಿ ಬಿಟ್ಟು, ಆಯಿಲ್ ತುಂಬುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ಮಗುಚಿ ಇಡು. ಇದ್ದಲ್ಲೇ ಸಣ್ಣಗೆ ನಡುಗುತ್ತ ಕೂತರೆ ಚಿಂತೆಯಿಲ್ಲ. ಕುಣಿದು ಪಕ್ಕಕ್ಕೆ ಬಿದ್ದರೆ, ಭಕಭಕನೆ ಹೊಗೆ ಎದ್ದರೆ, ಅದು ಬ್ಯಾಕ್ ಕಂಪ್ರೆಷನ್. ಪಿಸ್ಟನ್ ರಿಂಗು, ಸಿಲಿಂಡರ್ ಬೋರು ಸವೆದಿವೆ. ಅಂಥ ಎಂಜಿನ್‌ಗೆ ಡಬ್ಬಿ ಕಟ್ಟಿದರೆ ಡಬ್ಬಿ ತುಂಬುತ್ತದೆ, ಎಂಜಿನ್ ಸುಧಾರಿಸುವುದಿಲ್ಲ.

ಟರ್ಬೊ ನೋಡುವುದೂ ಕಷ್ಟವಲ್ಲ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಮುಂದಿನ ಹವಾ ಪೈಪ್ ಬಿಚ್ಚಿ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲ್ಲಾಡಿದರೆ ಇರಲಿ. ಒಳಗೆ ಹೊರಗೆ ಎಳೆದಾಡಬಾರದು, ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಕಾಣಬಾರದು. ಇವೆರಡೂ ಇಲ್ಲದಿದ್ದರೆ “ಟರ್ಬೊ ಮುಗಿಯಿತು” ಎಂದವರಿಗೆ ಒಂದು ಚಹಾ ಕುಡಿಸಿ ಬಂದುಬಿಡು.

ಅಕ್ಕಾವರು_ಥರ್ಮಲ್ (ಬೆಳಗಾವಿ)

ಕಾಕಾ ಹೇಳಿದ ಕ್ರಮವೇ ಸರಿ. ಯಾಕೆ ಎಂಬುದನ್ನು ಎರಡು ಮಾತಿನಲ್ಲಿ ಸೇರಿಸುತ್ತೇನೆ. ಇದು ಗೊತ್ತಿಲ್ಲದೆ ಡಬ್ಬಿಯ ವಿನ್ಯಾಸ ಮಾಡಲು ಹೋದರೆ ಎಡವಟ್ಟಾಗುತ್ತದೆ.

ಹೊಸ ಎಂಜಿನ್‌ನಲ್ಲೂ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಅನಿಲ ಕ್ರ್ಯಾಂಕ್‌ಕೇಸ್‌ಗೆ, ಅಂದರೆ ಪಿಸ್ಟನ್‌ಗಳ ಕೆಳಗಿನ ಕೋಣೆಗೆ, ಇಳಿದೇ ಇಳಿಯುತ್ತದೆ. ಅದರಲ್ಲಿ ಮಸಿ, ನೀರಿನ ಆವಿ, ಅರೆಬೆಂದ ಇಂಧನ ಎಲ್ಲ ಇರುತ್ತವೆ. ಒಳಗೆ ಆಯಿಲ್ ಎರಚಾಡುತ್ತಿರುವುದರಿಂದ ಅದರ ಸಣ್ಣ ಹನಿಗಳೂ ಸೇರಿಕೊಳ್ಳುತ್ತವೆ. ಈ ಅನಿಲಕ್ಕೆ ದಾರಿ ಬೇಕು. ಹಿಂದೆ ರಸ್ತೆಯ ಕಡೆ ಒಂದು ಕೊಳವೆ ಇಳಿಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಅದನ್ನು ಮತ್ತೆ ಎಂಜಿನ್‌ಗೇ ಎಳೆದು ಸುಡುವ ಪದ್ಧತಿ ಶುರುವಾಯಿತು, ನಂತರ ಎಲ್ಲೆಡೆ ಅದೇ ರೂಢಿಯಾಯಿತು. ನಿಮ್ಮ ಗಾಡಿಯಲ್ಲಿ ಅದು ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಕಡೆಯಿಂದ ಟರ್ಬೊ ಮುಂದಿನ ಹವಾ ಪೈಪಿಗೆ ಬಂದು ಸೇರುತ್ತದೆ. ಇಂಟರ್‌ಕೂಲರ್ ಪೈಪಿನಲ್ಲಿ ಕಂಡ ಜಿಡ್ಡು ಬಹುತೇಕ ಅಲ್ಲಿಂದ ಬಂದದ್ದು.

ಡೀಸೆಲ್‌ನಲ್ಲಿ ಇದರ ನಿಜವಾದ ಉಪದ್ರವ ಇಂಟರ್‌ಕೂಲರಿನಲ್ಲಿ ಅಲ್ಲ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ. ಇಜಿಆರ್‌ನಿಂದ (ಎಕ್ಸಾಸ್ಟ್ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಬರುವ ಒಣ ಮಸಿಗೆ ಈ ಆಯಿಲ್ ಅಂಟಾಗಿ ಸಿಕ್ಕರೆ ಎರಡೂ ಸೇರಿ ಡಾಂಬರಿನಂತೆ ಗೋಡೆಗೆ ಕಟ್ಟಿಕೊಳ್ಳುತ್ತವೆ. ಕ್ಯಾಚ್ ಕ್ಯಾನ್ ಆಯಿಲ್ ಭಾಗವನ್ನು ಕಡಿಮೆ ಮಾಡಬಲ್ಲದು. ಮಸಿ ಬರುವುದು ಬರುತ್ತಲೇ ಇರುತ್ತದೆ.

ಗುಮ್ಮಟನಗರಿ_ಟ್ಯಾಕ್ಸಿ (ವಿಜಯಪುರ)

ನಾನು ಇದೇ ಎಂಜಿನ್‌ನ ಎರಡು ಗಾಡಿ ಬಾಡಿಗೆಗೆ ಓಡಿಸುತ್ತೇನೆ. ಒಂದು ಮೂರು ಲಕ್ಷ ಕಿ.ಮೀ. ದಾಟಿದೆ. ಡಬ್ಬಿ ಇಲ್ಲ, ಗಿಬ್ಬಿ ಇಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸುತ್ತೇನೆ, ಏರ್ ಫಿಲ್ಟರ್ ಬದಲಾಯಿಸುತ್ತೇನೆ, ಇಜಿಆರ್ ಆಗಾಗ ತೊಳೆಸುತ್ತೇನೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಸೊಲ್ಲಾಪುರ ರಸ್ತೆಯ ಧೂಳಿನಲ್ಲಿ ಓಡಿದ ಗಾಡಿ ಇದು. ಕಂಪನಿಯ ಎಂಜಿನಿಯರುಗಳಿಗೆ ಹೊಳೆಯದ್ದು ನಮಗೆ ಹೊಳೆಯಿತೇ? ಇದೆಲ್ಲ ಬಾನೆಟ್ ಎತ್ತಿ ತೋರಿಸಿಕೊಳ್ಳುವ ಶೋಕಿ ಎಂದು ನನ್ನ ಅಭಿಪ್ರಾಯ. ಬೇಸರ ಮಾಡಿಕೊಳ್ಳಬೇಡಿ.

ಅಕ್ಕಾವರು_ಥರ್ಮಲ್ (ಬೆಳಗಾವಿ)

ಬೇಸರವೇನಿಲ್ಲ ಅಣ್ಣಾ. ನಿಮ್ಮ ಗಾಡಿ ದಿನವಿಡೀ ಬಿಸಿಯಾಗಿ ಓಡುತ್ತದೆ, ಆಯಿಲ್‌ನಲ್ಲಿ ಸೇರಿದ ನೀರು ಆವಿಯಾಗಿ ಹೋಗುತ್ತದೆ. ಬೆಳಗಾವಿಯ ಜುಲೈನಲ್ಲಿ ಕ್ಯಾಂಪಿನಿಂದ ಟಿಳಕವಾಡಿಗೆ ಹೋಗಿ ಬರುವ ಗಾಡಿಯ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಆಯಿಲ್ ಮುಚ್ಚಳದ ಒಳಮೈಯಲ್ಲಿ ಬಿಳಿಯ ನೊರೆ ಕಟ್ಟುತ್ತದೆ. ಅದನ್ನು ನೋಡಿ “ಹೆಡ್ ಗ್ಯಾಸ್ಕೆಟ್ ಹೋಗಿದೆ” ಎಂದು ಎಂಜಿನ್ ಬಿಚ್ಚಿಸಿದವರನ್ನು ಬಲ್ಲೆ. ಕೂಲಂಟ್ ಮಟ್ಟ ಇಳಿಯದಿದ್ದರೆ ಅದು ಬರೀ ತೇವ. ಒಂದೇ ಎಂಜಿನ್ ಎರಡು ಊರಿನಲ್ಲಿ ಎರಡು ಥರ ಬಾಳುತ್ತದೆ.

ಕಂಪನಿಯ ಪ್ರಶ್ನೆ ನ್ಯಾಯವಾದದ್ದೇ. ಬಹಳಷ್ಟು ಎಂಜಿನ್‌ಗಳ ಟ್ಯಾಪೆಟ್ ಕವರ್ ಒಳಗೇ ಆಯಿಲ್ ಬೇರ್ಪಡಿಸುವ ಅಡೆತಡೆಗಳಿರುತ್ತವೆ. ನಾವು ಹೊರಗೆ ಕೂರಿಸುವುದು ಎರಡನೆಯ ಜರಡಿ. ಅದರ ಮೇಲೆ ಒಂದು ಹೊರೆಯೂ ಇದೆ: ತಿಂಗಳಿಗೊಮ್ಮೆಯಾದರೂ ನೋಡಿ ಖಾಲಿ ಮಾಡಬೇಕು. ಕಂಪನಿಯವರು ಗ್ರಾಹಕರ ಮೇಲೆ ಅಂಥ ಭರವಸೆ ಇಡುವುದಿಲ್ಲ, ಇಡಲೂ ಬಾರದು.

ಉದ್ಯಮಬಾಗ_ಲೇಥ್ (ಬೆಳಗಾವಿ)

ಈಗ ಕೆಲಸದ ಮಾತಿಗೆ ಬರೋಣ. ನಮ್ಮ ಶೆಡ್ಡಿನಲ್ಲಿ ಹೈಡ್ರಾಲಿಕ್ ಸಿಲಿಂಡರ್ ಕೆಲಸ ನಡೆಯುತ್ತದೆ, ಬಿಡುವಿನಲ್ಲಿ ಇಂಥ ಡಬ್ಬಿಗಳನ್ನೂ ಮಾಡಿದ್ದೇನೆ. ನಾನು ಮಾಡುವ ರೀತಿ ಇದು.

ದೇಹಕ್ಕೆ 75 ಮಿ.ಮೀ. ಹೊರ ವ್ಯಾಸ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪು, 150 ಮಿ.ಮೀ. ಉದ್ದ. ಒಳಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ. ಕೆಳಗೆ 6 ಮಿ.ಮೀ. ತಟ್ಟೆಯನ್ನು ಆರ್ಗಾನ್ ವೆಲ್ಡಿಂಗ್ ಮಾಡಿಸಿ. ಮೇಲೆ ಒಂದು ಫ್ಲೇಂಜ್ ಬಳೆ ಬೆಸೆದು, ಮುಚ್ಚಳವನ್ನು ಎಂ6 ಅಲೆನ್ ಬೋಲ್ಟ್‌ಗಳಿಂದ ಬಿಗಿಯುವಂತೆ ಮಾಡಿ, ನಡುವೆ ನೈಟ್ರೈಲ್ ಓ-ರಿಂಗ್. ಮುಚ್ಚಳ ಬಿಚ್ಚುವಂತಿರಲೇಬೇಕು. ಪೂರ್ತಿ ಬೆಸೆದುಬಿಟ್ಟ ಡಬ್ಬಿಯನ್ನು ಒಳಗಿಂದ ತೊಳೆಯುವುದು ಯಾರಿಂದಲೂ ಆಗುವುದಿಲ್ಲ.

ಒಳಬರುವ ನಿಪ್ಪಲ್‌ನಿಂದ ಒಂದು ಕೊಳವೆ ಡಬ್ಬಿಯ ಅರ್ಧದವರೆಗೆ ಇಳಿಯಬೇಕು. ಅದರ ತುದಿಯನ್ನು ಮುಚ್ಚಿ ಪಕ್ಕದಲ್ಲಿ ಅಗಲವಾದ ಸೀಳು ಕೊಡಿ. ಅನಿಲ ಗೋಡೆಗೆ ಬಡಿದು ತಿರುಗಬೇಕು. ತಿರುಗುವಾಗ ಹಗುರವಾದ ಗಾಳಿ ತಿರುಗುತ್ತದೆ, ಭಾರವಾದ ಹನಿ ಗೋಡೆಗೆ ಅಂಟಿ ಇಳಿಯುತ್ತದೆ. ಸೀಳಿನ ಕೆಳಗೆ ಒಂದು ತೂತಿನ ತಟ್ಟೆ, ಇದು ಕೆಳಗೆ ಕೂತ ಆಯಿಲ್ ಘಾಟಿನ ತಿರುವಿನಲ್ಲಿ ಚಿಮ್ಮಿ ಮೇಲೆ ಬರದಿರಲಿ ಎಂದು. ಸೀಳಿನ ಮೇಲೆ ಎರಡು ತೂತಿನ ತಟ್ಟೆಗಳ ನಡುವೆ ಸ್ಟೀಲ್ ಜಾಲರಿ ತುಂಬಿ. ಹೊರಹೋಗುವ ನಿಪ್ಪಲ್ ಎಲ್ಲಕ್ಕಿಂತ ಮೇಲೆ, ಮುಚ್ಚಳದಲ್ಲೇ. ತಳದಲ್ಲಿ ಕಾಲಿಂಚಿನ ಹಿತ್ತಾಳೆ ಬಾಲ್ ವಾಲ್ವ್.

ನಿಪ್ಪಲ್ ಅಳತೆಯಲ್ಲಿ ಮಾತ್ರ ಜಿಪುಣತನ ಬೇಡ. ನಿಮ್ಮ ಗಾಡಿಯ ಬ್ರೀದರ್ ಬಾಯಿಯನ್ನು ವರ್ನಿಯರ್ ಹಿಡಿದು ಅಳೆಯಿರಿ, ಒಳ ವ್ಯಾಸ ಅದಕ್ಕಿಂತ ಒಂದು ಕೂದಲೂ ಕಡಿಮೆಯಾಗಬಾರದು. 16 ಮಿ.ಮೀ. ತೂತಿನ ಜಾಗದಲ್ಲಿ 12 ಮಿ.ಮೀ. ಹಾಕಿದರೆ ನೋಡಲು ಚಿಕ್ಕ ವ್ಯತ್ಯಾಸ. ಕ್ಷೇತ್ರಫಲ ಲೆಕ್ಕ ಹಾಕಿದರೆ 201 ಚದರ ಮಿ.ಮೀ. ಇದ್ದದ್ದು 113ಕ್ಕೆ ಇಳಿಯುತ್ತದೆ. ದಾರಿ ಹತ್ತಿರ ಹತ್ತಿರ ಅರ್ಧವಾಯಿತು.

ಚೋರ್ಲಾ_ತಿರುವು (ಬೆಳಗಾವಿ)

ಲೇಥ್ ಅಣ್ಣಾ, ಅಷ್ಟೆಲ್ಲ ಯಾಕೆ? ಕಂಪ್ರೆಸರ್‌ಗೆ ಹಾಕುವ ನೀರು ಬೇರ್ಪಡಿಸುವ ಫಿಲ್ಟರ್ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪಾರದರ್ಶಕ ಬಟ್ಟಲು, ಕೆಳಗೆ ಡ್ರೈನ್, ಎಷ್ಟು ತುಂಬಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಜಾಲರಿಯ ಬದಲು ಪಾತ್ರೆ ಉಜ್ಜುವ ಸ್ಟೀಲ್ ವುಲ್ ತುರುಕಿದರೆ ಮುಗಿಯಿತು.

ಉದ್ಯಮಬಾಗ_ಲೇಥ್ (ಬೆಳಗಾವಿ)

ಆ ಫಿಲ್ಟರ್‌ನ ಬಾಯಿ ಕಾಲಿಂಚು ಅಥವಾ ಅರ್ಧ ಇಂಚು. ಒಳಗೆ ಇನ್ನೂ ಕಿರಿದಾದ ದಾರಿ. ಅದು ಆರೇಳು ಬಾರ್ ಒತ್ತಡದ ಗಾಳಿಗೆ ಮಾಡಿದ್ದು. ನಮ್ಮ ಬ್ರೀದರ್‌ನಲ್ಲಿ ಒತ್ತಡವೇ ಇರುವುದಿಲ್ಲ, ಇರಲೂಬಾರದು. ಬಟ್ಟಲು ಪಾಲಿಕಾರ್ಬೊನೇಟ್, ಬಾನೆಟ್ ಒಳಗಿನ ಬಿಸಿ, ಇಂಧನದ ಆವಿ ಎರಡೂ ಸೇರಿದರೆ ಕಾಲಕ್ರಮೇಣ ಬಿರುಕು ಬಿಡುತ್ತದೆ.

ನುಣ್ಣನೆಯ ಸ್ಟೀಲ್ ವುಲ್ ಅಂತೂ ಬೇಡವೇ ಬೇಡ. ಅದರ ಎಳೆ ತುಂಡಾಗುತ್ತದೆ, ತುಕ್ಕು ಹಿಡಿಯುತ್ತದೆ. ಡಬ್ಬಿಯ ಮುಂದಿನ ಮನೆ ಟರ್ಬೊ. ಈ ಪುಟ್ಟ ಟರ್ಬೊಗಳ ಚಕ್ರ ಜೋರಾಗಿ ಓಡುವಾಗ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಅದಕ್ಕೆ ಒಂದು ಎಳೆ ಕಬ್ಬಿಣ ತಿನ್ನಿಸಿದರೆ ಏನಾಗುತ್ತದೆ ಎಂದು ನೋಡಬೇಕೇ? ನಾನು ಬಳಸುವುದು ಸುರುಳಿ ಸುರುಳಿಯಾಗಿರುವ ದಪ್ಪ ಪಟ್ಟಿಯ ಸ್ಟೇನ್‌ಲೆಸ್ ಸ್ಕ್ರಬ್ಬರ್. ಆಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿಕೊಂಡರೆ ಆ ಅಂಗಡಿ ಬಿಟ್ಟು ಮುಂದಿನ ಅಂಗಡಿಗೆ ಹೋಗಿ. ಎರಡು ಸ್ಕ್ರಬ್ಬರ್ ಸಾಕು, ಅದೂ ಸಡಿಲವಾಗಿ. ಒತ್ತಿ ತುಂಬಿದರೆ ಬಾಯಿಗೆ ಬಟ್ಟೆ ತುರುಕಿದಂತೆಯೇ.

ಡೀಸೆಲ್_ಕಾಕಾ (ಬೆಳಗಾವಿ)

ಲೇಥ್ ಸಾಹೇಬರು ಹೇಳದೆ ಬಿಟ್ಟದ್ದು ಒಂದಿದೆ. ಡೀಸೆಲ್ ಎಂಜಿನ್ ಆಯಿಲ್ ಕುಡಿದೂ ಓಡುತ್ತದೆ. ಡಬ್ಬಿ ತುಂಬಿ, ನೋಡುವವರಿಲ್ಲದೆ, ಆಯಿಲ್ ಒಮ್ಮೆಲೇ ಟರ್ಬೊ ಕಡೆ ಹರಿದರೆ ಎಂಜಿನ್ ತನ್ನಷ್ಟಕ್ಕೆ ತಾನೇ ರೇಸ್ ಏರಿಸಿಕೊಳ್ಳುತ್ತದೆ. ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ಏಕೆಂದರೆ ನೀನು ನಿಲ್ಲಿಸುವುದು ಡೀಸೆಲನ್ನು, ಅದು ಕುಡಿಯುತ್ತಿರುವುದು ಆಯಿಲನ್ನು. ಗೇರಿನ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ತುಳಿದು, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಆರಿಸಬೇಕು. ಬಾನೆಟ್ ಎತ್ತಿ ಹತ್ತಿರ ಹೋಗುವ ಧೈರ್ಯ ಮಾಡಬೇಡ.

ಆದ್ದರಿಂದ ಡೀಸೆಲ್‌ಗೆ ಸಣ್ಣ ಡಬ್ಬಿ ಬೇಡ. ತುಂಬಿದಷ್ಟು ದಿನ ತುಂಬಲಿ ಎಂದು ಬಿಡುವ ಸ್ವಭಾವದವನಾದರೆ ಡಬ್ಬಿಯೇ ಬೇಡ.

ಚೋರ್ಲಾ_ತಿರುವು (ಬೆಳಗಾವಿ)

ಹಾಗಾದರೆ ಟರ್ಬೊ ಕಡೆ ಹೋಗುವ ಪೈಪನ್ನೇ ಬಂದ್ ಮಾಡಿ, ಡಬ್ಬಿಯ ಮೇಲೆ ಸಣ್ಣ ಕೋನ್ ಫಿಲ್ಟರ್ ಕೂರಿಸಿ ಹೊರಗೆ ಬಿಟ್ಟರೆ? ತುಂಬಿದರೂ ಎಂಜಿನ್‌ಗೆ ಹೋಗುವುದಿಲ್ಲ. ರೇಸಿಂಗ್ ಗಾಡಿಗಳಲ್ಲಿ ಹಾಗೇ ಮಾಡುತ್ತಾರೆ.

ಅಕ್ಕಾವರು_ಥರ್ಮಲ್ (ಬೆಳಗಾವಿ)

ರೇಸಿಂಗ್ ಗಾಡಿಯಲ್ಲಿ ಯಾರೂ ಮಕ್ಕಳನ್ನು ಕೂರಿಸಿಕೊಂಡು ಗೋವಾಕ್ಕೆ ಹೋಗುವುದಿಲ್ಲ. ಹೊರಗೆ ಬಿಟ್ಟ ಹೊಗೆ ಬಾನೆಟ್ ಒಳಗೆ ತುಂಬಿ ಏಸಿ ಗಾಳಿಯ ಜೊತೆ ಕ್ಯಾಬಿನ್‌ಗೆ ಬರುತ್ತದೆ. ಮೊದಲು ವಾಸನೆ, ಆಮೇಲೆ ತಲೆನೋವು. ಕಾನೂನಿನ ಮಾತೂ ಇದೆ: ಈ ಅನಿಲವನ್ನು ಎಂಜಿನ್‌ಗೇ ಮರಳಿಸುವ ವ್ಯವಸ್ಥೆ ಮಾಲಿನ್ಯ ನಿಯಂತ್ರಣದ ಭಾಗ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ವಾರಂಟಿಯಲ್ಲಿರುವ ಗಾಡಿಯಾದರೆ ಬ್ರೀದರ್ ಪೈಪನ್ನು ಮುಟ್ಟುವ ಮೊದಲು ಹತ್ತು ಸಲ ಯೋಚಿಸಿ.

ಪೆಟ್ರೋಲ್ ಗಾಡಿಗೆ ಹೀಗೆ ಮಾಡಿದರೆ ಇನ್ನೊಂದು ಪೀಡೆ. ಗಾಳಿಯನ್ನು ಅಳೆಯುವ ಸೆನ್ಸರ್ ಇದ್ದರೆ, ಅಳತೆಗೆ ಸಿಗದ ಗಾಳಿ ಒಳನುಗ್ಗಿ ಐಡ್ಲಿಂಗ್ ಹದಗೆಡುತ್ತದೆ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ಇನ್ನು ಡಬ್ಬಿ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಬಗೆ. ಎಷ್ಟು ಆಯಿಲ್ ಹಿಡಿಯಿತು ಎಂದು ನೋಡಿ ಡಬ್ಬಿಗೆ ಅಂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ನೋಡಬೇಕಾದದ್ದು ಕ್ರ್ಯಾಂಕ್‌ಕೇಸ್ ಒತ್ತಡ. ಗೌಂಡಿಗಳು ಲೆವೆಲ್ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪ್ ಇದೆಯಲ್ಲ, ಅದರ ಎರಡು ಮೀಟರ್ ತುಂಡು ಸಾಕು. ಹಲಗೆಗೆ ಯು ಆಕಾರದಲ್ಲಿ ಕಟ್ಟಿ ಅರ್ಧದಷ್ಟು ನೀರು ತುಂಬಿ. ಡಿಪ್‌ಸ್ಟಿಕ್ ತೆಗೆದು ಅದರ ಕೊಳವೆಗೆ ಒಂದು ತುದಿ ಗಾಳಿಯಾಡದಂತೆ ಸಿಕ್ಕಿಸಿ, ಇನ್ನೊಂದು ತುದಿ ತೆರೆದಿರಲಿ. ಎರಡೂ ಕಡೆ ನೀರಿನ ಮಟ್ಟದ ವ್ಯತ್ಯಾಸ 10 ಮಿ.ಮೀ. ಇದ್ದರೆ ಒತ್ತಡ ಹೆಚ್ಚುಕಡಿಮೆ 1 ಮಿಲಿಬಾರ್. ಎಂಜಿನ್ ಕಡೆಯ ನೀರು ಮೇಲೇರಿದರೆ ಒಳಗೆ ಎಳೆತವಿದೆ, ಅದು ಒಳ್ಳೆಯದು. ಕೆಳಗಿಳಿದರೆ ಒಳಗೆ ಒತ್ತಡವಿದೆ. ಡಬ್ಬಿ ಕೂರಿಸುವ ಮೊದಲು ಐಡ್ಲಿಂಗ್‌ನಲ್ಲಿ, 2500 ಆರ್‌ಪಿಎಂನಲ್ಲಿ ಗುರುತು ಹಾಕಿಕೊಳ್ಳಿ. ಕೂರಿಸಿದ ಮೇಲೆ ಅದೇ ಗುರುತಿನ ಹತ್ತಿರ ನಿಲ್ಲಬೇಕು. ಒತ್ತಡದ ಕಡೆಗೆ ಸರಿದರೆ ಡಬ್ಬಿ ಕಿರಿದಾಯಿತು, ಬಿಚ್ಚಿ ಎಸೆಯಿರಿ.

ನೀರು ಎಂಜಿನ್‌ಗೆ ಹೋಗದ ಹಾಗೆ ಪೈಪ್ ಉದ್ದ ಇರಲಿ, ಹಲಗೆ ಡಿಪ್‌ಸ್ಟಿಕ್‌ಗಿಂತ ಕೆಳಗಿರಲಿ.

ಡೀಸೆಲ್_ಕಾಕಾ (ಬೆಳಗಾವಿ)

ಅಕ್ಕಾವರೇ, ಗ್ಯಾರೇಜಿನಲ್ಲಿ ಕೂದಲು ಬೆಳ್ಳಗಾಯಿತು, ಗೌಂಡಿ ಪೈಪಿನ ಈ ಉಪಯೋಗ ಹೊಳೆದಿರಲಿಲ್ಲ. ನಾವು ಒತ್ತಡ ಹೆಚ್ಚಾದದ್ದನ್ನು ಕ್ರ್ಯಾಂಕ್ ಸೀಲ್ ಸೋರಿದ ಮೇಲೆಯೇ ಕಂಡುಹಿಡಿಯುತ್ತಿದ್ದೆವು. ಸೀಲ್ ಬದಲಿಸಿ ಕಳಿಸುವುದು, ಗಾಡಿ ಮತ್ತೆ ಸೋರಿಕೊಂಡು ಬರುವುದು, ಗಿರಾಕಿ ಸೀಲನ್ನು ಬೈಯುವುದು. ಟರ್ಬೊದ ಕಥೆಯೂ ಅದೇ. ಅದರ ಆಯಿಲ್ ತನ್ನ ಭಾರದಿಂದಲೇ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯಬೇಕು. ಸಂಪ್ ಕಡೆಯಿಂದ ಒತ್ತಡ ಬಂದರೆ ಇಳಿಯಲು ಜಾಗವಿಲ್ಲದೆ ಸೀಲ್ ದಾಟಿ ಇಂಟರ್‌ಕೂಲರ್ ಕಡೆ ಹೋಗುತ್ತದೆ. ಯಾವುದನ್ನು ತಡೆಯಲು ಡಬ್ಬಿ ಕಟ್ಟಿದೆವೋ ಅದೇ ಹೆಚ್ಚಾಗುತ್ತದೆ.

ಖಾನಾಪುರ_ರಸ್ತೆ (ಬೆಳಗಾವಿ)

ಮುಚ್ಚಳ ಮಗುಚಿ ಇಟ್ಟೆ ಕಾಕಾ, ಕೂತಲ್ಲೇ ನಡುಗಿತು. ತೆಳುವಾದ ಹೊಗೆ ಬಿಟ್ಟರೆ ಬೇರೇನಿಲ್ಲ. ಟರ್ಬೊ ಚಕ್ರವೂ ಗಟ್ಟಿಯಾಗಿದೆ. ಹಾಗಾದರೆ ಡಬ್ಬಿ ಮಾಡಿಸಿಯೇಬಿಡುತ್ತೇನೆ. ಪೈಪ್ ಯಾವುದು ಕೊಳ್ಳಲಿ? ಅಂಗಡಿಯವರು ಹೀಟರ್ ಹೋಸ್ ಕೊಡುತ್ತೇವೆ, ಅದೇ ಗಟ್ಟಿ ಎನ್ನುತ್ತಿದ್ದಾರೆ.

ಉದ್ಯಮಬಾಗ_ಲೇಥ್ (ಬೆಳಗಾವಿ)

ಹೀಟರ್ ಹೋಸ್ ನೀರಿಗೆ ಗಟ್ಟಿ, ಆಯಿಲ್‌ಗೆ ಅಲ್ಲ. ಅದು ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಆಯಿಲ್ ಕುಡಿದು ಊದಿಕೊಂಡು ಮೆತ್ತಗಾಗುತ್ತದೆ, ಒಂದು ದಿನ ಕ್ಲಿಪ್ಪಿನಿಂದ ಜಾರುತ್ತದೆ. ನೈಟ್ರೈಲ್ ರಬ್ಬರಿನ, ಒಳಗೆ ನೂಲಿನ ಹೆಣಿಗೆ ಇರುವ ಆಯಿಲ್ ಹೋಸ್ ಕೇಳಿ. ಪಾರದರ್ಶಕ ಪಿವಿಸಿ ಪೈಪ್ ಬಿಸಿಗೆ ಮೊದಲು ಮೆತ್ತಗಾಗಿ ಚಪ್ಪಟೆಯಾಗುತ್ತದೆ, ಆಮೇಲೆ ಕಲ್ಲಾಗುತ್ತದೆ.

ಡಬ್ಬಿಯನ್ನು ಎಕ್ಸಾಸ್ಟ್, ಟರ್ಬೊಗಳಿಂದ ದೂರ, ಗಾಳಿ ಬೀಸುವ ತಣ್ಣನೆಯ ಮೂಲೆಯಲ್ಲಿ ಕೂರಿಸಿ. ತಣ್ಣಗಿದ್ದಷ್ಟೂ ಆವಿ ಹನಿಯಾಗುವುದು ಹೆಚ್ಚು. ಬ್ರೀದರ್‌ನಿಂದ ಡಬ್ಬಿಗೆ ಬರುವ ಪೈಪ್ ಎಲ್ಲಿಯೂ ತಗ್ಗಿ ಮತ್ತೆ ಏರಬಾರದು. ತಗ್ಗಿನಲ್ಲಿ ಆಯಿಲ್ ನಿಂತು ದಾರಿ ಕಟ್ಟಿಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ, ಆರಿಸಿದಾಗ ಅದು ಮೈ ಕೊಡವುತ್ತದೆ. ಪೈಪಿನಲ್ಲಿ ಅಷ್ಟು ಸಡಿಲ ಇರಲಿ.

ಮಾಡಿಸಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಹವಾ ಹೊಡೆಸಿ, ಒಣಗಿಸಿ, ಮತ್ತೆ ತೊಳೆಯಿರಿ. ಒಳಗೆ ಒಂದು ಚೂರು ಲೋಹದ ಪುಡಿಯೂ ಉಳಿಯಬಾರದು. ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಹವಾ ಕೊಡಿ. ಬೆಸುಗೆಯಿಂದ ಗುಳ್ಳೆ ಬಂದರೆ ನನ್ನ ಹತ್ತಿರ ತನ್ನಿ. ಕಂಪ್ರೆಸರ್ ಹವಾ ಹಿಡಿಯಬೇಡಿ, ಇದು ಸಿಲಿಂಡರ್ ಅಲ್ಲ.

ಖಾನಾಪುರ_ರಸ್ತೆ (ಬೆಳಗಾವಿ)

ಡಬ್ಬಿ ಕೂತಿದೆ. ಲೇಥ್ ಅಣ್ಣನವರ ಅಳತೆಯೇ, ಜಾಗ ಸಾಲದ್ದಕ್ಕೆ ಉದ್ದ ಮಾತ್ರ 130 ಮಿ.ಮೀ.ಗೆ ಇಳಿಸಿದೆವು. ಬ್ಯಾಟರಿ ಟ್ರೇ ಪಕ್ಕದಲ್ಲಿ ಒಂದು ಎಲ್ ಪಟ್ಟಿ, ನಡುವೆ ರಬ್ಬರ್ ಬುಷ್. ಬ್ಯಾಟರಿಯ ಪಾಸಿಟಿವ್ ತುದಿಗೆ ಮುಚ್ಚಳ ಹಾಕಿದ್ದೇನೆ, ಅಲ್ಯೂಮಿನಿಯಂ ಡಬ್ಬಿ ಅದಕ್ಕೆ ತಾಗಿದರೆ ಕಥೆ ಬೇರೆಯಾಗುತ್ತದೆ.

ಗೌಂಡಿ ಪೈಪಿನ ಲೆಕ್ಕ: ಡಬ್ಬಿ ಇಲ್ಲದಾಗ ಐಡ್ಲಿಂಗ್‌ನಲ್ಲಿ ಎಂಜಿನ್ ಕಡೆಯ ನೀರು ಸುಮಾರು 8 ಮಿ.ಮೀ. ಮೇಲಿತ್ತು, 2500ರಲ್ಲಿ 20ರ ಹತ್ತಿರ. ಡಬ್ಬಿ ಹಾಕಿದ ಮೇಲೆ ಐಡ್ಲಿಂಗ್‌ನಲ್ಲಿ 6, 2500ರಲ್ಲಿ 15. ಎಳೆತ ಸ್ವಲ್ಪ ಕಡಿಮೆಯಾಗಿದೆ, ಒತ್ತಡದ ಕಡೆ ಹೋಗಿಲ್ಲ. ನಮ್ಮ ಓಣಿಯ ಮಕ್ಕಳೆಲ್ಲ ಹಲಗೆಯ ಸುತ್ತ ನಿಂತಿದ್ದರು, ಕಾರಿಗೆ ಬಿಪಿ ನೋಡುತ್ತಿದ್ದೇನೆ ಎಂದುಕೊಂಡಿದ್ದರಂತೆ.

ಮಳೆ ಶುರುವಾದ ಮೇಲೆ ಮೊದಲ ಸಲ ವಾಲ್ವ್ ತಿರುಗಿಸಿದಾಗ ಬಂದದ್ದು ಎರಡು ಚಮಚದಷ್ಟು ಕಂದು ನೀರು, ಅದರ ಹಿಂದೆ ಎಳೆ ಎಳೆಯಾಗಿ ಕರಿ ಆಯಿಲ್. ಮೂಗು ಸುಡುವ ಹುಳಿ ವಾಸನೆ. ಇದನ್ನು ಮತ್ತೆ ಎಂಜಿನ್‌ಗೆ ಸುರಿಯಬಹುದು ಎಂದು ಯಾರೋ ಹೇಳಿದ್ದರು. ವಾಸನೆ ನೋಡಿದ ಮೇಲೆ ಆ ಧೈರ್ಯ ಬರಲಿಲ್ಲ.

ಗುಮ್ಮಟನಗರಿ_ಟ್ಯಾಕ್ಸಿ (ವಿಜಯಪುರ)

ಎರಡು ಚಮಚಕ್ಕೆ ಇಷ್ಟು ಸಂಭ್ರಮವೇ? ಡಬ್ಬಿಗೆ ಕೊಟ್ಟ ದುಡ್ಡಿನಲ್ಲಿ ಮ್ಯಾನಿಫೋಲ್ಡ್ ಬಿಚ್ಚಿ ತೊಳೆಸಬಹುದಿತ್ತು.

ಡೀಸೆಲ್_ಕಾಕಾ (ಬೆಳಗಾವಿ)

ತೊಳೆಸಬಹುದಿತ್ತು. ಮತ್ತೆ ಕಟ್ಟಿಕೊಳ್ಳುತ್ತಿತ್ತು. ಹುಡುಗ ಮಾಡಿಸಿದ್ದು ಸರಿಯಾಗಿದೆ, ನೀನು ಮಾಡಿಸದಿರುವುದೂ ಸರಿಯಾಗಿದೆ. ಎರಡು ಚಮಚ ಬಂತೆಂದರೆ ಅವನ ಎಂಜಿನ್ ಆರೋಗ್ಯವಾಗಿದೆ ಎಂದು ತಿಳಿಯಿತು. ಮುಂದೆ ಯಾವಾಗಲಾದರೂ ಅದೇ ದೂರಕ್ಕೆ ಅರ್ಧ ಲೋಟ ಬಂದರೆ, ಗಾಡಿ ಹೊಗೆ ಬಿಡುವ ಎಷ್ಟೋ ಮೊದಲೇ ಅವನಿಗೆ ಸುದ್ದಿ ಮುಟ್ಟುತ್ತದೆ. ನನ್ನ ಲೆಕ್ಕದಲ್ಲಿ ಡಬ್ಬಿಯ ದೊಡ್ಡ ಉಪಯೋಗ ಅದೇ.

ತಮ್ಮಾ, ಅದನ್ನು ಎಂಜಿನ್‌ಗೂ ಸುರಿಯಬೇಡ, ಗಟಾರಕ್ಕೂ ಸುರಿಯಬೇಡ. ನೀರು, ಡೀಸೆಲ್, ಆಮ್ಲ ಎಲ್ಲ ಸೇರಿದ ಮಡ್ಡಿ ಅದು. ಒಂದು ಬಾಟಲಿಯಲ್ಲಿ ಕೂಡಿಟ್ಟು ಸರ್ವಿಸ್‌ಗೆ ಹೋದಾಗ ಗ್ಯಾರೇಜಿನ ಹಳೆಯ ಆಯಿಲ್ ಬ್ಯಾರಲ್‌ಗೆ ಹಾಕು.

ಟಿಳಕವಾಡಿ_ಟರ್ಬೊ (ಬೆಳಗಾವಿ)

ನನ್ನದು 1 ಲೀಟರ್ ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, ಬಿಎಸ್6. ವಾಲ್ವ್ ಮೇಲೆ ಇಂಗಾಲ ಕಟ್ಟುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಇದೇ ಡಬ್ಬಿ ನಡೆಯುತ್ತದೆಯೇ? ಅಪ್ಪನ ಹಳೆಯ ಎಂಪಿಎಫ್‌ಐ ಗಾಡಿಗೂ ಒಂದು ಮಾಡಿಸಲೇ?

ಅಕ್ಕಾವರು_ಥರ್ಮಲ್ (ಬೆಳಗಾವಿ)

ಅಪ್ಪನ ಗಾಡಿಗೆ ಬೇಡ. ಅಲ್ಲಿ ಪೆಟ್ರೋಲ್ ವಾಲ್ವ್‌ನ ಬೆನ್ನಿನ ಮೇಲೆಯೇ ಸಿಂಪಡಣೆಯಾಗುತ್ತದೆ, ತೊಳೆಯುವ ಕೆಲಸ ತಾನಾಗಿ ನಡೆಯುತ್ತದೆ. ನಿಮ್ಮದರಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್‌ಗೆ ಹೋಗುವುದರಿಂದ ವಾಲ್ವ್‌ನ ಬೆನ್ನು ಎಂದೂ ತೊಳೆಯುವುದಿಲ್ಲ. ಅಲ್ಲಿ ಕಟ್ಟಿದ ಇಂಗಾಲ ತೆಗೆಯಲು ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಎರಚುತ್ತಾರೆ. ಹಾಗಾಗಿ ಡಬ್ಬಿಗೆ ನಿಜವಾದ ಅರ್ಥವಿರುವುದು ನಿಮ್ಮ ಥರದ ಎಂಜಿನ್‌ನಲ್ಲೇ.

ಆದರೆ ಕಷ್ಟವೂ ಅಲ್ಲೇ ಹೆಚ್ಚು. ಟರ್ಬೊ ಪೆಟ್ರೋಲ್‌ನಲ್ಲಿ ದಾರಿ ಎರಡು. ನಿಧಾನವಾಗಿ ಓಡುವಾಗ ಮ್ಯಾನಿಫೋಲ್ಡ್‌ನ ನಿರ್ವಾತ ಈ ಅನಿಲವನ್ನು ಪಿಸಿವಿ ಎಂಬ ಬ್ರೀದರ್ ವಾಲ್ವ್ ಮೂಲಕ ಎಳೆದುಕೊಳ್ಳುತ್ತದೆ. ಟರ್ಬೊ ಒತ್ತಡ ಏರಿದಾಗ ಆ ದಾರಿಯ ಒಮ್ಮುಖ ವಾಲ್ವ್ ಮುಚ್ಚಿ, ಅನಿಲ ಟರ್ಬೊ ಮುಂದಿನ ಪೈಪಿಗೆ ಹೋಗುತ್ತದೆ. ಒಂದೇ ದಾರಿಗೆ ಡಬ್ಬಿ ಹಾಕಿದರೆ ಅರ್ಧ ಕೆಲಸ. ಒಮ್ಮುಖ ವಾಲ್ವ್ ಕಿತ್ತು ಡಬ್ಬಿ ಹಾಕಿದರೆ ಟರ್ಬೊ ಒತ್ತಡ ನೇರವಾಗಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಇವೆಲ್ಲ ಟ್ಯಾಪೆಟ್ ಕವರ್ ಒಳಗೇ ಅಚ್ಚಾಗಿರುತ್ತವೆ, ಹೊರಗೆ ಕತ್ತರಿಸಲು ಪೈಪೇ ಸಿಗುವುದಿಲ್ಲ. ನಿಮ್ಮ ಗಾಡಿ ವಾರಂಟಿಯಲ್ಲಿದ್ದರೆ ಸದ್ಯ ಒಳ್ಳೆಯ ಆಯಿಲ್ ಹಾಕಿ, ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಸಂಕೇಶ್ವರದವರೆಗೆ ಓಡಿಸಿ ಬನ್ನಿ.

ಐಡ್ಲಿಂಗ್‌ನಲ್ಲಿ ಸಿಳ್ಳೆ ಹೊಡೆದಂಥ ಸದ್ದು ಬಂದು, ಆಯಿಲ್ ಮುಚ್ಚಳವನ್ನು ಯಾರೋ ಒಳಗಿನಿಂದ ಹಿಡಿದೆಳೆದಂತೆ ಬಿಗಿಯಾದರೆ ಪಿಸಿವಿಯ ಡಯಾಫ್ರಮ್ ಹರಿದಿರಬಹುದು. ಅದನ್ನು ತೋರಿಸಿ.

ಮುಧೋಳ_ಕಬ್ಬು (ಬಾಗಲಕೋಟೆ ಜಿಲ್ಲೆ)

ಕಾರಿನ ಮಾತಿನ ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ನಮ್ಮ ಟ್ರ್ಯಾಕ್ಟರ್‌ನ ಬ್ರೀದರ್ ಪೈಪಿನಿಂದ ಆಯಿಲ್ ತೊಟ್ಟಿಕ್ಕುತ್ತದೆ. ಮುಂದಿನ ಕ್ರ್ಯಾಂಕ್ ಸೀಲ್ ಕೂಡ ಒದ್ದೆ. ಮಿಸ್ತ್ರಿ ಎಂಜಿನ್ ಇಳಿಸಬೇಕು ಎನ್ನುತ್ತಾರೆ. ಡಬ್ಬಿ ಕಟ್ಟಿದರೆ ನಿಲ್ಲುತ್ತದೆಯೇ?

ಡೀಸೆಲ್_ಕಾಕಾ (ಬೆಳಗಾವಿ)

ಡಬ್ಬಿಯೂ ಬೇಡ, ಎಂಜಿನ್ ಇಳಿಸುವುದೂ ಈಗಲೇ ಬೇಡ. ಬ್ರೀದರ್ ಬುಡದಲ್ಲಿ ಒಂದು ಜಾಲರಿ ಇರಬಹುದು, ಬಿಚ್ಚಿ ನೋಡಿ. ಹೊಲದ ಧೂಳು, ಆಯಿಲ್ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿಟ್ಟು, ಬ್ರಷ್‌ನಿಂದ ಉಜ್ಜಿ, ಹವಾ ಹೊಡೆಸಿ ಹಾಕಿ. ಸಂಪ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿ ತುಂಬಿದ್ದರೆ ಅದನ್ನೂ ಇಳಿಸಿ, ಹೆಚ್ಚಾದ ಆಯಿಲ್ ಬ್ರೀದರ್‌ನಿಂದಲೇ ಹೊರಬರುತ್ತದೆ.

ಮುಧೋಳ_ಕಬ್ಬು (ಬಾಗಲಕೋಟೆ ಜಿಲ್ಲೆ)

ಬಿಚ್ಚಿದೆ ಕಾಕಾ. ಜಾಲರಿಯಲ್ಲಿ ಬೆಳಕೇ ಹಾಯುತ್ತಿರಲಿಲ್ಲ, ಚಾಕುವಿನಿಂದ ಕೆರೆದು ತೆಗೆಯಬೇಕಾಯಿತು. ಈಗ ತೊಳೆದು ಒಣಗಲು ಇಟ್ಟಿದ್ದೇನೆ. ಸೀಲ್ ಕೂಡ ತಂದಿಟ್ಟಿದ್ದೇನೆ, ಜೊತೆಗೇ ಹಾಕಿಸಿಬಿಡಲೇ?

ಉದ್ಯಮಬಾಗ_ಲೇಥ್ (ಬೆಳಗಾವಿ)

ತಡೆಯಿರಿ ಅಣ್ಣಾ. ಸೀಲಿನ ಸುತ್ತ ಸೀಮೆಎಣ್ಣೆ ಹಾಕಿ ಒರೆಸಿ ಒಣ ಮಾಡಿ. ಬ್ರೀದರ್ ಮಾತ್ರ ಕೂರಿಸಿ ಒಂದೆರಡು ಲೋಡ್ ಕಾರ್ಖಾನೆಗೆ ಹಾಕಿ ಬನ್ನಿ. ಮತ್ತೆ ಒದ್ದೆಯಾದರೆ ಸೀಲ್ ಬದಲಿಸಿ, ಒಣಗಿಯೇ ಇದ್ದರೆ ಸೀಲನ್ನು ಅಂಗಡಿಗೆ ವಾಪಸ್ ಕೊಡಿ. ಪ್ಯಾಕೆಟ್ ಹರಿಯಬೇಡಿ, ಹರಿದದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ.